ವ್ಯಾಜ್ಯಕಾರಣ ಉದ್ಭವಿಸಿದ ದಿನ

ಅರ್ಜಿಯ ಏಳನೇ ಕಲಮಿನಲ್ಲಿ ಒಂದು ಖಾಲಿ ಜಾಗ ಉಂಟು:
ವ್ಯಾಜ್ಯಕಾರಣ ಉದ್ಭವಿಸಿದ ದಿನ.
ಹತ್ತೊಂಬತ್ತು ವರ್ಷ ಅದನ್ನು ತುಂಬಿದವ ನಾನು,
ವಕೀಲರ ಗುಮಾಸ್ತ, ಉಡುಪಿ ಕೋರ್ಟಿನ ಹಿಂದಿನ ಓಣಿ, ಮಾಳಿಗೆಯ ಮೇಲೆ.
ಫ್ರಿಜ್ಜು ಕೆಟ್ಟ ದಿನ, ಟೈಲ್ಸು ಬಿರಿದ ದಿನ,
ವಿಮೆಯವರು ಇಲ್ಲ ಎಂದ ದಿನ.
ಅಲ್ಲಿಂದ ಎರಡು ವರ್ಷ. ಆಮೇಲೆ ಬಾಗಿಲು ಹಾಕಿದೆ.

ಮಲ್ಪೆಯ ವಾರಿಜ ಕುಂದರ್ ಬಂದದ್ದು ಒಂದು ಸೋಮವಾರ.
ಮೀನು ಹಿಡಿಯಬಾರದ ತಿಂಗಳು, ಇಲ್ಲದಿದ್ದರೆ ಪುರುಸೊತ್ತೆಲ್ಲಿ.
ಎಂತ ವಿಷಯ, ಎಂದೆ.
ಅವಳು ನನ್ನ ತುಟಿ ನೋಡಿದಳು,
ದಕ್ಕೆಯಲ್ಲಿ ಬಂಗುಡೆಯ ಕಿವಿರೆತ್ತಿ ನೋಡುವ ಹಾಗೆ.

ತೊಟ್ಟೆಯೊಳಗೆ ರೇಷನ್ ಕಾರ್ಡಿನ ಒಟ್ಟಿಗೆ
ಖಾಲಿ ಇಂಜೆಕ್ಷನ್ ಬಾಟ್ಲಿ.
ಕಿಡ್ನಿಯ ಸೋಂಕಿಗೆ ಇಪ್ಪತ್ತೊಂದು ಸೂಜಿ.
ಸೋಂಕು ಹೋಯಿತು, ಸುಳ್ಳು ಹೇಳಬಾರದು.
ಐಸಿನ ನೀರು ತಾಗಿ ಬ್ಯಾಚ್ ನಂಬರು ಅಳಿಸಿದೆ,
ಎಕ್ಸ್‌ಪೈರಿ ತಾರೀಕು ಮಾತ್ರ ಸ್ಪಷ್ಟ.

ಕೇಸು ಪಟ್ಟಿಯ ಬೆನ್ನಲ್ಲಿ ದಪ್ಪಕ್ಷರದಲ್ಲಿ ಬರೆದೆ:
ಕಿವಿ ಯಾವತ್ತು ಹೋದದ್ದು?

ಏಲಂ ಕೂಗುವ ಗಂಟಲಲ್ಲಿ ಅವಳೆಂದಳು,
ಜಗಲಿಯವರೆಲ್ಲ ತಿರುಗುವಂತೆ:
"ಒಂದೇ ದಿನ ಹೋಗ್ಲಿಕ್ಕೆ ಅದೆಂತ ಕುತ್ತಿಗೆಯ ಸರವಾ?
ಮೊದಲು ಜೀರುಂಡೆ. ಈ ವರ್ಷ ಅವು ಬರಲೇ ಇಲ್ಲ ಅಂದುಕೊಂಡೆ.
ಮತ್ತೆ ಕುಕ್ಕರು. ಸೀದದ್ದು ಮೂಗಿಗೆ ಗೊತ್ತಾಯ್ತು.
ಆರೂವರೆ ಸಾವಿರವನ್ನು ಮೂರೂವರೆ ಅಂತ ಕೇಳಿ
ಒಂದು ಬುಟ್ಟಿ ಅಂಜಲಿಗೆ ತಲೆಯಾಡಿಸಿದೆ.
ವಯಸ್ಸಾಯ್ತಲ್ಲ ಅಂದ್ರು ಡಾಕ್ಟ್ರು. ನಲ್ವತ್ತೇಳಕ್ಕಾ?
ಎಣ್ಣೆ ಬಿಟ್ಟೆ. ದೈವಕ್ಕೆ ಹೇಳಿಕೊಂಡೆ.
ಕಡೆಗೆ ಮಣಿಪಾಲದಲ್ಲಿ ಒಂದು ಸಣ್ಣ ಹುಡುಗಿ
ಗಾಜಿನ ಕೋಣೆಯಲ್ಲಿ ಕೂರಿಸಿ, ಹಳೇ ಚೀಟಿ ಓದಿ,
ಮದ್ದಿನ ಹೆಸರಿನಿಂದ ಕಿವಿಯ ಚಿತ್ರಕ್ಕೆ
ಒಂದು ಬಾಣ ಎಳೆದಳು."

ಬೆರಳು ಮಡಚಿ ಎಣಿಸಿದೆ.
ಬಾಣದಿಂದಾದರೆ ಏಳು ತಿಂಗಳು.
ಕಡೆಯ ಸೂಜಿಯಿಂದಾದರೆ ಎರಡು ವರ್ಷ ದಾಟಿ ನಾನೂರ ಹದಿನೇಳು ದಿನ.
ಕಂಪೆನಿ ಸೂಜಿ ಅನ್ನುತ್ತದೆ, ನಾವು ಬಾಣ.
ಯಾವುದಕ್ಕೂ ಇರಲಿ ಎಂದು ವಿಳಂಬ ಮನ್ನಾ ಅರ್ಜಿ,
ಅದಕ್ಕೆ ಒಂದೊಂದು ದಿನದ್ದೂ ಲೆಕ್ಕ ಬೇಕು.
ನಾನೂರ ಹದಿನೇಳು ದಿನ ಎಂತ ಮಾಡಿದಿರಿ, ಬರೆದೆ.
ಅಕ್ಷರ ಕೂಡಿಸಿ ಓದಿದಳು.
"ಮೀನು ಮಾರಿದೆ."

ಟೈಪು ಮಾಡುತ್ತ ಕಾಪುವಿನ ಟೈಲರ್ ನೆನಪಾದ,
ಮಾತ್ರೆ ನುಂಗಿ ನುಂಗಿ ಕಣ್ಣು ಮಸುಕಾದವ.
ನಲ್ವತ್ತು ದಿನ ತಡ.
ಆಗುವುದಿಲ್ಲ ಮಾರಾಯ್ರೆ ಎಂದಿದ್ದೆ, ಚಾ ಕುಡಿಯುತ್ತ.
ಕೆಳಗಿಳಿಯುವಾಗ ಪ್ರತಿ ಮೆಟ್ಟಿಲನ್ನೂ
ಚಪ್ಪಲಿಯ ತುದಿಯಿಂದ ಹುಡುಕುತ್ತಿದ್ದ.
ನಾನು ಏಳಲಿಲ್ಲ.
ಅವನ ಕಣ್ಣು ಯಾವತ್ತು ಹೋಯಿತೆಂದು
ಕೇಳಿದ್ದೆನಾ, ನೆನಪಿಲ್ಲ.

ಕೌಂಟರಿನ ಬಾಯಿ ಸಣ್ಣದು.
ಒಳಗಿನವರು ಕಾಗದ ತಿರುವಿ ಕೆಂಪು ಶಾಯಿಯಲ್ಲಿ
ಬದಿಗೆ ಬರೆದರು: ಕಾಲಮಿತಿ, ಆಕ್ಷೇಪಣೆ ಉಂಟು.
ಮತ್ತೆ ಸೀಲು ಎತ್ತಿದರು.
ವಾರಿಜ ಮೇಜಿನ ಮೇಲೆ ಅಂಗೈ ಊರಿ ನಿಂತಿದ್ದಳು,
ಉಪ್ಪಿಗೆ ಬಿರಿದ ಕೈ.
ಸೀಲು ಬಿತ್ತು.
"ಹ್ಞಾಂ," ಎಂದಳು, ಹಲಗೆಯಿಂದ ಕೈ ತೆಗೆಯದೆ,
"ಇದು ಕೇಳಿತು."