ಮೀನಖಂಡ

ಮೊದಲ ದಿನ ಏನೂ ಇರುವುದಿಲ್ಲ.
ಬದ್ರಿ ಹೇಳಿದ್ದ: ಕಾದು ನೋಡಿ, ಲಮಾರಾ ಅತ್ತೆ,
ಅದು ನಾಳೆ ಬರುವುದಲ್ಲ, ನಾಡಿದ್ದು ಬರುವುದು,
ಬಡ್ಡಿ ವಸೂಲಿಯವನ ಹಾಗೆ, ಬಾಗಿಲು ತಟ್ಟದೆ.

ಬಂತು.
ಮಂಚದಿಂದ ಕಾಲಿಳಿಸಿದೆನೋ ಇಲ್ಲವೋ
ತೊಡೆಗಳೆರಡೂ ಒಟ್ಟಿಗೆ ಬಾಯಿಬಿಟ್ಟವು,
ಅರವತ್ತೊಂದು ವರ್ಷ ಒಂದೇ ಮನೆಯಲ್ಲಿದ್ದೂ
ಮಾತಾಡಿಸಿಕೊಳ್ಳದ ಇಬ್ಬರು ಬಾಡಿಗೆದಾರರು
ಇದ್ದಕ್ಕಿದ್ದಂತೆ ಜಗಳಕ್ಕೆ ನಿಂತ ಹಾಗೆ.
ನಗು ಬಂತು. ನಕ್ಕರೆ ಹೊಟ್ಟೆಯೂ ನೋಯಿತು.
ಅದಕ್ಕೇ ಇನ್ನೊಮ್ಮೆ ನಕ್ಕೆ.

ನನ್ನ ಕೆಲಸ ಕೂರುವುದು.
ಅವ್ಲಬಾರಿ ಮೆಟ್ರೋದ ತಳದಲ್ಲಿ, ಎಸ್ಕಲೇಟರಿನ ಬುಡದಲ್ಲಿ
ಒಂದು ಗಾಜಿನ ಗೂಡು, ಒಂದು ಕುರ್ಚಿ, ಒಂದು ಕೆಂಪು ಗುಂಡಿ.
ಇಪ್ಪತ್ತಾರು ವರ್ಷ
ತಾವೇ ಹತ್ತುವ ಮೆಟ್ಟಿಲುಗಳನ್ನು ಕಾದೆ.
ಜನ ನಿಂತಲ್ಲೇ ನಿಂತು ಮೇಲೆ ಹೋದರು,
ಮುತ್ತಿಟ್ಟುಕೊಳ್ಳುತ್ತ, ಬಿಸಿ ರೊಟ್ಟಿಯ ತುದಿ ಮುರಿಯುತ್ತ,
ಒಬ್ಬನಂತೂ ಕಂಕುಳಲ್ಲಿ ಜೀವಂತ ಹುಂಜ ಇಟ್ಟುಕೊಂಡು.
ಗುಂಡಿಯನ್ನು ನಾನು ಒತ್ತಿದ್ದು ಮೂರೇ ಸಲ.
ಸಂಬಳ ಬಂತು. ಮಂಡಿಗೆ ತುಕ್ಕು ಹಿಡಿಯಿತು.

ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ
ಆಗೆಲ್ಲ ಆಲೂಗಡ್ಡೆ ತುಂಬಿಡುತ್ತಿದ್ದೆವು, ಈಗ ಕಬ್ಬಿಣ.
ಧಡಾರ್ ಧಡಾರ್ ಸದ್ದು ನೀರಿನ ಕೊಳವೆ ಹಿಡಿದು
ಏಳನೇ ಮಹಡಿಗೆ ಹತ್ತಿ ನನ್ನ ತಟ್ಟೆ ಲೋಟ ಅಲುಗಿಸುತ್ತಿತ್ತು.
ಬೈಯಲೆಂದೇ ಇಳಿದಿದ್ದೆ, ಮನೆ ಚಪ್ಪಲಿಯಲ್ಲೇ.
'ಸದ್ದಾಗದ ಹಾಗೆ ನೀವೇ ಇಳಿಸಿ ತೋರಿಸಿ' ಅಂದ ಹುಡುಗ.
ಇಳಿಸಬೇಕಾದರೆ
ಮೊದಲು ಎತ್ತಬೇಕಲ್ಲ.

ಈಗ ಗೂಡಿನೊಳಗೆ ಕೂತು, ಯಾರೂ ನೋಡದಾಗ,
ಹೆಬ್ಬೆರಳಿನಿಂದ ತೊಡೆ ಒತ್ತಿಕೊಳ್ಳುತ್ತೇನೆ.
ಹಲ್ಲು ಬಿದ್ದ ಸಂದಿಗೆ ನಾಲಿಗೆ ಹೋಗುವಂತೆ
ಹೋಗುತ್ತದೆ ಬೆರಳು, ಬೇಡವೆಂದರೂ.
ಇದೆಯಾ? ಇದೆ.
ಇನ್ನೂ ಇದೆಯಾ?
ಇದೆ, ಇದೆ, ಸುಮ್ಮನಿರು.

ನೋವು ನನಗೆ ಹೊಸದೇನಲ್ಲ. ಪಿತ್ತಕೋಶದ ಕಲ್ಲು ಬಲ್ಲೆ.
ಕರೆಂಟಿಲ್ಲದ ಆ ಚಳಿಗಾಲ, ಸೀಮೆಎಣ್ಣೆಯ ಸರದಿಯಲ್ಲಿ
ಬೆರಳು ಡಬ್ಬಿಯ ಹಿಡಿಗೇ ಸೆಟೆದು ನಿಂತದ್ದು ಬಲ್ಲೆ.
ಅವೆಲ್ಲ ವಿಳಾಸ ತಪ್ಪಿ ಬಂದಂಥವು,
ಬಂದಮೇಲೆ ಕುರ್ಚಿ ಎಳೆದು ಕೂತವು.
ಇದಕ್ಕಾದರೆ ನಾನೇ ಬರೆದು ಕರೆಸಿದ್ದೇನೆ:
ಮೂವತ್ತೈದು ಕಿಲೋ, ಎಂಟರ ಐದು ಸುತ್ತು,
ಕೊನೆಯದರಲ್ಲಿ ದೇವರ ಹೆಸರೂ ಬದ್ರಿಯ ಅಪ್ಪನ ಹೆಸರೂ
ಒಂದೇ ಉಸಿರಿನಲ್ಲಿ ಬಂದಿತ್ತು.

ಪಕ್ಕದ ಮನೆಯ ಎತೆರಿ ಮುಲಾಮು ಕೊಟ್ಟಳು,
ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು ಬರುವಂಥದು.
ಹಚ್ಚಿದೆ ಅಂತ ಸುಳ್ಳು ಹೇಳಿದೆ.
ಬೀರುವಿನಲ್ಲಿಟ್ಟಿದ್ದೇನೆ, ಉಣ್ಣೆಯ ಬಟ್ಟೆಗೆ ಹುಳ ಬಾರದಂತೆ.

ರಾತ್ರಿ ಮಗ್ಗುಲಾದರೆ ಮೀನಖಂಡಗಳು ಮಿಡುಕುತ್ತವೆ.
ಒಳಗೆ ನಿಜಕ್ಕೂ ಮೀನಿದೆಯೆಂದು
ಇಷ್ಟು ವರ್ಷ ಯಾರೂ ಹೇಳಿರಲಿಲ್ಲ ನನಗೆ.
ಕಾಲಿಗೊಂದು. ಮ್ತ್ಕ್ವಾರಿಯ ಕೆಸರುನೀರಿಗೆ ಎದುರಾಗಿ
ಮುಂದೆಯೂ ಹೋಗದೆ, ಹಿಂದೆಯೂ ಸರಿಯದೆ
ಬಾಲವಾಡಿಸುತ್ತ ನಿಂತಂಥವು.

ನಮ್ಮ ಲಿಫ್ಟಿಗೆ ಹತ್ತು ತೆತ್ರಿ ಹಾಕಬೇಕು,
ಹಾಕದಿದ್ದರೆ ಕದಲುವುದಿಲ್ಲ.
ನಿನ್ನೆ ಸಂಜೆ ಬದನೆಕಾಯಿಯ ಚೀಲ ಒಳಗಿಟ್ಟು
ನಾಣ್ಯ ಹಾಕಿ, ಏಳು ಒತ್ತಿ, ಹೊರಗೆ ಜಿಗಿದೆ.
ಜಿಗಿದೆ ಅಂದರೆ, ಹಾಗೆಂದುಕೊಂಡೆ.
ಆಮೇಲೆ ಕಂಬಿ ಹಿಡಿದು ಹೊರಟೆ,
ಒಂದೊಂದು ಮೆಟ್ಟಿಲಿಗೂ ತೊಡೆ ತನ್ನ ತಕರಾರು ದಾಖಲಿಸುತ್ತ.

ಮೇಲಿನಿಂದ ಎತೆರಿಯ ಕೂಗು:
'ಲಮಾರಾ! ಚೀಲ ಬಂದಿದೆ, ನೀನೆಲ್ಲಿ?
ಅಯ್ಯೋ ದೇವರೇ, ಬರೀ ಚೀಲ ಬಂದಿದೆ!'

ಉತ್ತರಿಸಲು ಉಸಿರಿರಲಿಲ್ಲ.
ಐದನೇ ಮಹಡಿಯ ಮೆಟ್ಟಿಲ ಮೇಲೆ ಕೂತೆ.
ಇಪ್ಪತ್ತಾರು ವರ್ಷದ ಕಸುಬು ಅದು, ಕೂರುವುದು,
ಅದೇ ನೋಯಿತು ಎಲ್ಲಕ್ಕಿಂತ ಹೆಚ್ಚು.