ಎರಡನೆಯ ಜ್ವರ

ರಾತ್ರಿ ಹನ್ನೊಂದೂವರೆಗೆ ದೇವೀರಮ್ಮನ ಫೋನು.
"ಲೋ ಮುದ್ದುಮಾದ, ನಿನ್ನ ಡಬ್ಬ ಸುಳ್ಳು ಯೋಳ್ತದೆ ಕಣೋ.
ಉರಿ ಅಂತ ತೋರಿಸ್ತದೆ, ಉರೀತಿಲ್ಲ.
ಉಳ ಎಲ್ಡನೇ ಜ್ವರಕ್ಕೆ ಕುಂತವೆ. ಬತ್ತೀಯೋ,
ಇಲ್ಲಾ ಇದ್ದಲೊಲೆ ಹಚ್ಲೋ?"

ಹಲಗೂರು ದಾಟಿ ಮಣ್ಣುರಸ್ತೆ. ಮಾರ್ಗಶಿರದ ಚಳಿ.
ಗಾಡಿಯ ಡಿಕ್ಕಿಯಲ್ಲಿ ಮೀಟರು, ಕಟಿಂಗ್ ಪ್ಲೇಯರು,
ಕಪ್ಪು ಟೇಪು, ಹಿಡಿ ಒಡೆದ ಟೆಸ್ಟರು.
ದಾರಿಯುದ್ದಕ್ಕೂ ಬೈದೆ:
ಡಬ್ಬದ ಕಂಪನಿಯನ್ನು, ಲೈನ್‌ಮನ್ನನ್ನು,
ಒಲೆಗೂ ಫೋನು ಬೇಕೆನ್ನುವ ಕಾಲವನ್ನು.
ನನ್ನನ್ನು ಬೈಯುವ ಸರದಿ ಬರಲಿಲ್ಲ,
ಅಷ್ಟರಲ್ಲಿ ಊರು ಬಂತು.

ಚಾಕಿ ಮನೆಯ ಬಾಗಿಲಲ್ಲಿ ಸುಣ್ಣ ತುಳಿದು
ಕೈಗೆ ಔಷಧಿ ನೀರು ಹಾಕಿಸಿಕೊಂಡು ಒಳಗೆ ಹೋದೆ.
ತಟ್ಟೆಯ ಮೇಲೆ ತಟ್ಟೆ. ಐನೂರು ಮೊಟ್ಟೆಯ ಹುಳ,
ಜೀರಿಗೆ ಕಾಳಿಗಿಂತ ತುಸು ಉದ್ದ,
ತಲೆ ಎತ್ತಿ, ಅಲುಗದೆ ನಿಂತಿವೆ,
ಹಾಜರಿ ಕೂಗುವಾಗಿನ ಮಕ್ಕಳ ಹಾಗೆ.
ಜ್ವರ ಅಂದರೆ ಇಲ್ಲಿ ಕಾಯಿಲೆಯಲ್ಲ;
ಹಳೆಯ ಚರ್ಮ ಕಳಚಲು ಊಟ ಬಿಟ್ಟು ಕೂರುವುದು.
ಜ್ವರದವರ ಕೋಣೆ ಮಾತ್ರ ತಣ್ಣಗಿತ್ತು.

ಗೋಡೆಯ ಡಬ್ಬದಲ್ಲಿ ಕಿತ್ತಳೆ ಬೆಳಕು, ಪುಟ್ಟ ಬೆಂಕಿಯ ಚಿತ್ರ.
ಬೇಕಾದ್ದು ಇಪ್ಪತ್ತೇಳು, ಇರುವುದು ಇಪ್ಪತ್ತೊಂದು.
ಹೀಟರಿನ ಸುರುಳಿ ಕರ್ರಗೆ.

ವೋಲ್ಟೇಜು ನೋಡಿದೆ, ಸರಿಯಿದೆ.
ನ್ಯೂಟ್ರಲ್ ಇದೆ.
ಹೀಟರನ್ನು ನೇರ ಪ್ಲಗ್ಗಿಗೆ ಸಿಕ್ಕಿಸಿದೆ, ಕೆಂಪಗಾಯಿತು.
"ಕಂಪನಿ ಮಾಲೇ ಸರಿ ಇಲ್ಲಕ್ಕ" ಅಂದೆ, ಕೊಂಚ ಧೈರ್ಯ ಬಂದು.
ಅವಳು ತಟ್ಟೆಯಿಂದ ಕಣ್ಣು ತೆಗೆಯದೆ ಅಂದಳು:
"ಮಧ್ಯಾನ ಮೂವತ್ಮೂರಿತ್ತು. ಆಗ ಧಗಧಗ ಅಂತಿತ್ತು ನೋಡು.
ಬಿಸ್ಲಿಗೆ ಬೆಂಕಿ, ಚಳಿಗೆ ಬೂದಿ.
ನಮ್ ಬಾವ ಇದ್ದಂಗೆ, ಬ್ಯಾಡಾಂದಾಗ್ಲೇ ಬತ್ತಾನೆ."

ನಗಬೇಕಿತ್ತು. ನಗಲಿಲ್ಲ.

ಫೋನಿನಲ್ಲಿ ಹದಿನೆಂಟಕ್ಕೆ ಇಳಿಸಿದೆ.
ಒಳಗೆ ರಿಲೇ ಟಿಕ್ ಎಂದಿತು. ಬೆಂಕಿಯ ಚಿತ್ರ ಆರಿತು,
ಹೀಟರು ಹೊತ್ತಿಕೊಂಡಿತು.
ಮೂವತ್ತಕ್ಕೆ ಏರಿಸಿದೆ. ಟಿಕ್.
ಚಿತ್ರ ಹೊತ್ತಿತು, ಹೀಟರು ಆರಿತು.
ಡಬ್ಬ ಹೇಳುತ್ತಿದ್ದುದೆಲ್ಲ ನಿಜ.

ಮುಚ್ಚಳ ಬಿಚ್ಚಿದೆ. ಸಾಲಾಗಿ ಮೂರು ತಿರುಪು.
ನಡುವಿನದು ಹೊಸಿಲು.
ಒಂದು ಪಕ್ಕದ್ದು ಕರೆದರೆ ದಾರಿ ಬಿಡುವುದು,
ಇನ್ನೊಂದು, ಕರೆದರೆ ದಾರಿ ಕಟ್ಟುವುದು.
ಎನ್‌ಓ, ಎನ್‌ಸಿ. ಮೊದಲಕ್ಷರ ಒಂದೇ.
ಆವತ್ತು ಬೆಳಕು ಸಾಲದು, ಕನ್ನಡಕ ಮನೆಯಲ್ಲಿತ್ತು
ಎಂದು ಹೇಳಬಹುದಿತ್ತು.
ಬೆಳಕಿತ್ತು. ಕನ್ನಡಕ ಜೇಬಿನಲ್ಲೇ ಇತ್ತು.
ಓದದೆ ಬಿಗಿದಿದ್ದೆ.

ಮೇನು ಇಳಿಸಿದೆ. ಕತ್ತಲಲ್ಲಿ ದೇವೀರಮ್ಮ ಟಾರ್ಚು ಹಿಡಿದಳು,
ಬೆಳಕು ನನ್ನ ಬೆರಳ ಮೇಲೆ, ಅಲುಗದೆ.
ತಿರುಪು ಸಡಿಲಿಸಿ ಕೆಂಪು ತಂತಿಯನ್ನು
ಅರ್ಧ ಅಂಗುಲ ದಾಟಿಸಿ ಮತ್ತೆ ಬಿಗಿದೆ.
ಅರ್ಧ ಅಂಗುಲ. ಅಷ್ಟಕ್ಕೆ
ಎರಡು ಹಗಲು ಬೇಯಿಸಿ, ಎರಡು ರಾತ್ರಿ ನಡುಗಿಸಿದ್ದೆ.

"ಏನಾಗಿತ್ಲಾ?"
"ನಾನೇ ತಪ್ಪು ಕೂರ್ಸಿದ್ದೆ ಕಣಕ್ಕ."
ಟಾರ್ಚು ನನ್ನ ಮುಖಕ್ಕೆ ತಿರುಗಿತು, ಒಂದು ಗಳಿಗೆ.
"ಇರ್ಲಿ. ಆ ತಟ್ಟೆ ಮುಟ್ಬ್ಯಾಡ, ಜ್ವರದಲ್ಲವೆ."

ಮೂರು ಗಂಟೆಗೆ ಇಪ್ಪತ್ತೇಳು. ಟಿಕ್.
ಸುರುಳಿ ಕೆಂಪಿನಿಂದ ಕಪ್ಪಿಗೆ ಇಳಿಯಿತು.
ಎಷ್ಟು ಹುಳ ಜ್ವರದಿಂದ ಏಳುತ್ತವೋ
ನಾಳೆ ಸೊಪ್ಪು ಹಾಕಿದ ಮೇಲೆ ಗೊತ್ತು.
ದುಡ್ಡು ಅವಳು ಕೊಡಲಿಲ್ಲ, ನಾನು ಕೇಳಲಿಲ್ಲ.

ಹೊರಗೆ ಬಂದು ಗಾಡಿ ಒದ್ದಾಗ ನೆನಪಾಯಿತು:
ಅದೇ ವಾರ, ಇದೇ ಕೈ, ಇನ್ನೆರಡು ಡಬ್ಬ,
ಕಿರುಗಾವಲಲ್ಲಿ ಒಂದು, ಪೂರಿಗಾಲಿಯಲ್ಲಿ ಒಂದು.
ಅವರಿನ್ನೂ ಫೋನು ಮಾಡಿಲ್ಲ.
ಕನ್ನಡಕ ಒರೆಸಿ ಹಾಕಿಕೊಂಡು
ಮನೆಯ ಕಡೆಗಿದ್ದ ಗಾಡಿಯನ್ನು ತಿರುಗಿಸಿದೆ.