ಹದಿಮೂರು ಯಾರ ಹತ್ತಿರ ಇದೆ

ಇನಾರಿಯಿಂದ ಉತ್ತರಕ್ಕೆ, ಹದಿನೈದು ದಿನಕ್ಕೊಮ್ಮೆ,
ಪುಸ್ತಕದ ಬಸ್ಸು ಓಡಿಸುತ್ತೇನೆ ನಾನು.
ನವೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲೆ,
ಹಿಮಸಾರಂಗದ ಕಣ್ಣು ದೀಪಕ್ಕೆ ಹೊಳೆದರೆ ಬ್ರೇಕು.
ಎಡಗಡೆಯ ಕಪಾಟಿನಲ್ಲಿ ಕವಿತೆ, ಕೃಷಿ, ಧರ್ಮ:
ಕುಲುಕಾಡಿ ಕುಲುಕಾಡಿ ನಿದ್ದೆ ಹೋಗಿವೆ.
ಬಲಗಡೆ ಹೆಲ್ಮರ್ ರಾಸ್ಕ್,
ಬೆನ್ನು ಮುರಿಸಿಕೊಂಡು, ಕಾಫಿ ಚೆಲ್ಲಿಸಿಕೊಂಡು, ಮನೆಮನೆ ತಿರುಗಿದವನು.
ಹತ್ತೊಂಬತ್ತು ಸಂಪುಟ ಇರಬೇಕಾದಲ್ಲಿ ಹದಿನೆಂಟು.
ಎಲ್ಲರೂ ಮೆಟ್ಟಿಲು ಹತ್ತುತ್ತಲೇ ಕೇಳುವುದು: ಹದಿಮೂರು ಬಂತೇ?

"ಇವನ ಪಿಸ್ತೂಲು ಹಿಡಿಯುವುದು ಹದಿನೈದು,
ಇವನು ಹಾರಿಸಿದ್ದು ಹದಿನೇಳು"
ಎನ್ನುತ್ತಾನೆ ಗಡಿ ಕಾಯ್ದು ನಿವೃತ್ತನಾದ ಉರ್ಪೊ.
ಒಂದೊಂದು ಗುಂಡಿಗೂ ಅಂಚಿನಲ್ಲಿ ಪೆನ್ಸಿಲ್ ಗೀಟು,
ನಾಲ್ಕಕ್ಕೊಂದು ಅಡ್ಡಗೀಟು.
ಗೀಚಬಾರದು ಮಾರಾಯ ಅಂದರೆ
"ತಪ್ಪು ಬರೆದವನಿಗೆ ದುಡ್ಡು, ತಿದ್ದಿದವನಿಗೆ ದಂಡವೋ?"

ನರ್ಸ್ ಐಲಾಳ ತಕರಾರು ಗುಂಡಿನದಲ್ಲ, ಭುಜದ್ದು.
"ಮೂರನೇ ಅಧ್ಯಾಯದಲ್ಲಿ ತೂತು, ನಾಲ್ಕರಲ್ಲಿ ಗೋಡೆ ಹತ್ತುತ್ತಾನೆ!
ಗರಗಸ ತಗುಲಿದ ಭುಜಕ್ಕೆ ನಾನೇ ಪಟ್ಟಿ ಕಟ್ಟಿದ್ದೇನೆ.
ನಾಲ್ಕು ತಿಂಗಳು ಆ ಮನುಷ್ಯ
ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲಿಲ್ಲ."
ಹೇಳುತ್ತ ಹೇಳುತ್ತಲೇ ಹದಿನಾಲ್ಕನ್ನು ಚೀಲಕ್ಕಿಳಿಸುತ್ತಾಳೆ.

ಸಾರಂಗ ಮೇಯಿಸುವ ಅಸ್ಲಾಕನಿಗೆ ಹಿಮವೇ ಸುಳ್ಳು.
"ಸೊಂಟದುದ್ದ ಹಿಮದಲ್ಲಿ ಓಡುತ್ತಾನಂತೆ, ಓಡಲಿ ನೋಡೋಣ.
ಬರೆದವನು ಚಳಿಯನ್ನು ಫ್ರಿಜ್ಜಿನಲ್ಲಿ ನೋಡಿರಬೇಕು."
ನಾಯಿ ಮಾತ್ರ ಸರಿಯಾಗಿ ಬಂದಿದೆ, ಏಳರಲ್ಲಿ,
ಅಷ್ಟನ್ನು ಒಪ್ಪುತ್ತಾನೆ.
ಏಳರಲ್ಲಿ ನಾಯಿ ಸತ್ತ ಪುಟವನ್ನು ಯಾರೋ ಹರಿದಿದ್ದಾರೆ.
ಯಾರೆಂದು ನಾನು ಕೇಳಿಲ್ಲ.

ಹದಿನಾರರ ಪಿಹ್ಲಾಗೆ ರಾಸ್ಕ್ ಬೋರು.
ವಿಮಾನ ಹಾರಿಸುವ ಆ ಕೇಡಿ ಹೆಂಗಸು ಬೇಕು ಅವಳಿಗೆ, ಬರೀ ಅವಳು.

ಇನ್ನು ಹಿಲ್ಯಾ. ಕಣ್ಣು ಹೋಗಿ ಹನ್ನೊಂದು ವರ್ಷ.
ಗಂಡ ಓದಿ ಹೇಳುತ್ತಿದ್ದ, ಒಲೆಯ ಪಕ್ಕ,
ಉಳಿದವರಿಗೆ ವಾರ ಹಿಡಿಯುವ ನಾನೂರು ಪುಟ
ಅವರಿಗೆ ಎರಡೇ ಸಂಜೆ.
"ಪಾಪದ ಹುಡುಗ" ಅಂದಿದ್ದಳು ಒಮ್ಮೆ ಎಲ್ಲರೆದುರು,
"ಊರೂರು ಅಲೆಯುತ್ತಾನೆ, ರೈಲು ತಪ್ಪುತ್ತದೆ,
ಒಳ್ಳೆಯ ಹೋಟೆಲೇ ಸಿಗುವುದಿಲ್ಲ ಅವನಿಗೆ.
ಬೆಳಗಾದರೆ ಯಾವುದೋ ಕಿಟಕಿ ಒಡೆದಿರುತ್ತದೆ."
ಉರ್ಪೊ ಬಾಯಿ ತೆರೆದ.
ಐಲಾ ಅವನ ಕಾಲು ತುಳಿದಳು.

ಈ ಚಳಿಗಾಲ ಗಂಡ ಇಲ್ಲ.
ಕಡ್ಡಿಯೂರಿ ಬಂದವಳು ಕೋಟಿನೊಳಗಿಂದ ಹದಿಮೂರು ತೆಗೆದಳು,
ಅರ್ಧಕ್ಕೆ ಗುರುತು: ಅವನ ಕನ್ನಡಕ ಒರೆಸುವ ಬಟ್ಟೆ.
ಹೀಟರ್ ಪಕ್ಕ ಕೂರಿಸಿ ಅಲ್ಲಿಂದಲೇ ಓದಿದೆ.
ಬಂದರು. ಮಂಜು. ಮೆಟ್ಟಿಲು. ಬಾಗಿಲ ಹಿಂದೆ ಒಬ್ಬ.
ರಾಸ್ಕ್ ಜೇಬಿಗೆ ಕೈ ಹಾಕಿದ.
ನಾನು ಉಗುಳು ನುಂಗಿ, ಎರಡು ಹಾಳೆ ಹಾರಿಸಿ,
"ಬೆಳಗಾಯಿತು" ಎಂದೆ.

ಹಿಲ್ಯಾ ನಕ್ಕಳು. "ಅವನು ಇಲ್ಲಿ ಕೆಮ್ಮುತ್ತಿದ್ದ.
ಹಾಳೆ ಜೋಡಿಯಾಗಿ ಮಗುಚಿದರೆ ಸದ್ದೇ ಬೇರೆ, ಗೊತ್ತಾಗುವುದಿಲ್ಲವೇ?
ಹನ್ನೊಂದು ವರ್ಷದಿಂದ ಆ ಜಾಗದಲ್ಲಿ
ಕೊಲ್ಲುವವಳು ನಾನೇ. ಅವನಿಗೆ ಹೇಳಿರಲಿಲ್ಲ, ಅಷ್ಟೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು,
"ಈಗ ಎಷ್ಟು ಗುಂಡು?"
"ಗುಂಡಲ್ಲ, ಹಿಲ್ಯಾ. ಚಾಕು."
"ಅಯ್ಯೋ," ಎಂದಳು,
"ನಾನು ಆಗಲೇ ಹಾರಿಸಿಬಿಟ್ಟೆ."